ಹಣ, ಸುದ್ದಿ ಮತ್ತು ಮತ: ಪಶ್ಚಿಮ ಬೆಂಗಳೂರು ಕಲಿಸುವ ಪಾಠ

ಕೆಲವೇ ಕೈಗಳಲ್ಲಿ ಸೇರಿಕೊಂಡ ಹಣಬಲವನ್ನೂ ಮಾಧ್ಯಮಬಲವನ್ನೂ ಪ್ರಜಾಪ್ರಭುತ್ವವು ಎದುರಿಸಿ ನಿಲ್ಲಬಲ್ಲದೆ ಎಂಬುದು ಹಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ದೂರದ ದೇಶಗಳಿಗೇ ಹೋಗಬೇಕಾಗಿಲ್ಲ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಿಂದ ಮೈಸೂರು ರಸ್ತೆಯ ಕೆಂಗೇರಿಯವರೆಗೆ ಹಬ್ಬಿರುವ ಪಶ್ಚಿಮ ಬೆಂಗಳೂರು ಈ ಪ್ರಶ್ನೆಯ ಎಲ್ಲ ಮುಖಗಳನ್ನೂ ಕಂಡಿದೆ. ರಾಜ್ಯದ ಅತಿ ಶ್ರೀಮಂತ ಶಾಸಕರಲ್ಲಿ ಒಬ್ಬರು ಗೆದ್ದದ್ದೂ ಸೋತದ್ದೂ ಇಲ್ಲಿ. ಮತದಾನಕ್ಕೆ ಒಂದು ದಿನ ಬಾಕಿ ಇರುವಾಗ ಚುನಾವಣೆ ಮುಂದಕ್ಕೆ ಹೋದದ್ದು ಇಲ್ಲಿ. ಸರ್ಕಾರ, ಶಾಸನಸಭೆ, ನ್ಯಾಯಾಲಯ ಮೂರನ್ನೂ ಎರಡು ದಶಕಕ್ಕೂ ಹೆಚ್ಚು ಕಾಲ ಕಾಡಿದ ಖಾಸಗಿ ರಸ್ತೆಯೊಂದು ಹಾದುಹೋಗುವುದೂ ಇಲ್ಲಿಯೇ.

ಈ ಭಾಗದ ಅನುಭವವನ್ನು ಒಟ್ಟಾಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹಣ ಬಂದ ದಾರಿ, ಹೋದ ದಾರಿ ಜನರ ಕಣ್ಣಿಗೆ ಕಂಡ ಕಡೆಯಲ್ಲೆಲ್ಲ ಪ್ರಜಾಪ್ರಭುತ್ವ ಒಂದಿಷ್ಟಾದರೂ ಪ್ರತಿರೋಧ ತೋರಿದೆ. ದಾರಿ ಮುಚ್ಚಿದ ಕಡೆ ಅದು ಕತ್ತಲಲ್ಲಿ ತಡಕಾಡಿದೆ. ಅಭ್ಯರ್ಥಿಯ ಆಸ್ತಿಯನ್ನು ಬಯಲಿಗೆ ತರಲು ಕಾನೂನು 2003ರಲ್ಲಿ ಯಶಸ್ವಿಯಾಯಿತು. ಸುದ್ದಿಯ ಒಡೆತನವನ್ನು ಬಯಲಿಗೆ ತರುವ ಕೆಲಸ ಇನ್ನೂ ಅರ್ಧದಲ್ಲೇ ಇದೆ.

ಗಿರಣಿಯಿಂದ ನಿವೇಶನಕ್ಕೆ

ರಾಜಾಜಿನಗರ 1949ರಲ್ಲಿ ಕೈಗಾರಿಕಾ ಉಪನಗರವಾಗಿ ಆರಂಭವಾಯಿತು. ಆಗ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿ ಅವರ ಹೆಸರನ್ನು ಅದಕ್ಕೆ ಇಡಲಾಯಿತು. ಮಾಗಡಿ ರಸ್ತೆ, ಮೈಸೂರು ರಸ್ತೆಗಳ ಆಸುಪಾಸು ಗಿರಣಿಗಳೂ ಕಾರ್ಖಾನೆಗಳೂ ಕಾರ್ಮಿಕರ ವಠಾರಗಳೂ ಬೆಳೆದವು. ಈ ಭಾಗದ ದೊಡ್ಡ ವಿಧಾನಸಭಾ ಕ್ಷೇತ್ರದ ಹೆಸರೇ ಬಿನ್ನಿಪೇಟೆ. ಬಿನ್ನಿ ಗಿರಣಿಯ ನೆನಪು ಹೊತ್ತ ಆ ಹೆಸರು 2008ರ ಕ್ಷೇತ್ರ ಮರುವಿಂಗಡಣೆಯೊಂದಿಗೆ ಚುನಾವಣಾ ನಕ್ಷೆಯಿಂದ ಅಳಿಸಿಹೋಗಿ, ವಿಜಯನಗರ, ಗೋವಿಂದರಾಜನಗರ ಎಂಬ ಹೊಸ ಕ್ಷೇತ್ರಗಳು ಬಂದವು.

ಹೆಸರಿನ ಬದಲಾವಣೆಯ ಹಿಂದೆ ಆರ್ಥಿಕತೆಯ ಬದಲಾವಣೆಯೂ ಇತ್ತು. ಗಿರಣಿಗಳು ಮುಚ್ಚಿದಂತೆ ಅವುಗಳ ನೆಲದ ಬೆಲೆ ಏರಿತು. ಬಡಾವಣೆಗಳು ಹೊಲಗದ್ದೆಗಳನ್ನು ನುಂಗುತ್ತ ಕೆಂಗೇರಿಯಾಚೆಗೂ ಸಾಗಿದವು. ಸಂಪತ್ತಿನ ಮೂಲ ಯಂತ್ರದಿಂದ ಜಮೀನಿಗೆ ಸರಿಯಿತು. ಜಮೀನಿನ ಬೆಲೆಯನ್ನು ನಿರ್ಧರಿಸುವುದು ಬಹುಮಟ್ಟಿಗೆ ಸರ್ಕಾರದ ನಿರ್ಣಯಗಳು: ಭೂಪರಿವರ್ತನೆ, ಭೂಸ್ವಾಧೀನ, ಬಡಾವಣೆಗೆ ಅನುಮೋದನೆ, ರಸ್ತೆ, ಮೆಟ್ರೊ. ಹೀಗಾಗಿ ಜಮೀನಿನ ವ್ಯವಹಾರ ಮತ್ತು ರಾಜಕಾರಣ ಒಂದನ್ನೊಂದು ಅರಸಿಕೊಂಡು ಬರುವುದು ಸಹಜವಾಯಿತು. ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಶಾಸನಸಭೆಯ ಜಂಟಿ ಸಮಿತಿಯು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 27,336 ಎಕರೆ ಸರ್ಕಾರಿ ಭೂಮಿ ಒತ್ತುವರಿಯಾಗಿದೆ ಎಂದು 2007ರ ಹೊತ್ತಿಗೆ ಗುರುತಿಸಿತು. ಶಾಸಕರೇ ಇದ್ದ ಸಮಿತಿಯೊಂದು ಇಂಥ ಲೆಕ್ಕವನ್ನು ಸದನದ ಮುಂದಿಟ್ಟಿತೆಂಬುದು ಗಮನಾರ್ಹ. ವ್ಯವಸ್ಥೆ ತನ್ನನ್ನೇ ಪ್ರಶ್ನಿಸಿಕೊಳ್ಳುವ ಶಕ್ತಿಯನ್ನು ಪೂರ್ತಿ ಕಳೆದುಕೊಂಡಿರಲಿಲ್ಲ.

ಆಸ್ತಿ ಘೋಷಣೆ ಬಂದ ಬಗೆ

ಚುನಾವಣೆಗೆ ನಿಲ್ಲುವವರು ತಮ್ಮ ಆಸ್ತಿ, ಸಾಲ, ವಿದ್ಯಾರ್ಹತೆ ಮತ್ತು ಕ್ರಿಮಿನಲ್ ಪ್ರಕರಣಗಳನ್ನು ಪ್ರಮಾಣಪತ್ರದಲ್ಲಿ ಘೋಷಿಸಬೇಕೆಂಬ ನಿಯಮ ಯಾವ ಪಕ್ಷದ ಕೊಡುಗೆಯೂ ಅಲ್ಲ. ಪ್ರಾಧ್ಯಾಪಕರ ಗುಂಪೊಂದು 1999ರಲ್ಲಿ ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ (ಎಡಿಆರ್) ಸಂಸ್ಥೆಯನ್ನು ಕಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು. ಮುಂದೆ ಬೆಂಗಳೂರಿನ ಐಐಎಂನಲ್ಲಿ ಪ್ರಾಧ್ಯಾಪಕರಾದ ತ್ರಿಲೋಚನ್ ಶಾಸ್ತ್ರಿ ಅದರ ಸ್ಥಾಪಕರಲ್ಲಿ ಒಬ್ಬರು. ಮತದಾರನಿಗೆ ಈ ವಿವರ ತಿಳಿಯುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2002ರ ಮೇ 2ರಂದು ತೀರ್ಪು ನೀಡಿತು. ಸಂಸತ್ತು ಅದೇ ವರ್ಷ ಜನಪ್ರತಿನಿಧಿ ಕಾಯ್ದೆಗೆ ತಿದ್ದುಪಡಿ ತಂದು ತೀರ್ಪಿನ ಧಾರೆಯನ್ನು ಮೊಂಡಾಗಿಸಲು ಯತ್ನಿಸಿತು. ಆ ತಿದ್ದುಪಡಿಯ 33ಬಿ ಕಲಮನ್ನು ನ್ಯಾಯಾಲಯ 2003ರ ಮಾರ್ಚ್ 13ರಂದು ರದ್ದುಪಡಿಸಿತು.

ಪರಸ್ಪರ ಕಚ್ಚಾಡುವ ಪಕ್ಷಗಳು ಈ ಒಂದು ವಿಷಯದಲ್ಲಿ ಒಂದಾಗಿದ್ದವು. ಬಾಗಿಲು ತೆರೆಸಿದ್ದು ನಾಗರಿಕರು ಮತ್ತು ನ್ಯಾಯಾಲಯ.

ಗೋವಿಂದರಾಜನಗರದ ಲೆಕ್ಕ

ಆ ತೆರೆದ ಬಾಗಿಲಿನಿಂದ ಪಶ್ಚಿಮ ಬೆಂಗಳೂರಿನ ಮತದಾರ ಕಂಡದ್ದೇನು? 2008ರಲ್ಲಿ ಗೋವಿಂದರಾಜನಗರದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಗೆದ್ದ ವಿ. ಸೋಮಣ್ಣ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿ ಸಚಿವರಾದರು. ‘ಆಪರೇಷನ್ ಕಮಲ’ ಎಂದು ಹೆಸರಾದ ಪಕ್ಷಾಂತರ ಸರಣಿಯ ಕಾಲವದು. 2009ರ ಆಗಸ್ಟ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಅಧಿಕಾರದಲ್ಲಿದ್ದ ಸಚಿವರನ್ನೇ ಮತದಾರರು ಸೋಲಿಸಿದರು. ಗೆದ್ದವರು ಕಾಂಗ್ರೆಸ್‌ನ ಪ್ರಿಯಕೃಷ್ಣ, ಪಕ್ಕದ ವಿಜಯನಗರದ ಶಾಸಕ ಎಂ. ಕೃಷ್ಣಪ್ಪ ಅವರ ಪುತ್ರ. ಅವರು ಆಗ ಘೋಷಿಸಿದ ಆಸ್ತಿ 767 ಕೋಟಿ ರೂಪಾಯಿ.

2013ರಲ್ಲಿ ಅವರು 910 ಕೋಟಿ ರೂಪಾಯಿ ಆಸ್ತಿ ಘೋಷಿಸಿ ಮತ್ತೆ ಗೆದ್ದರು. 2018ರಲ್ಲಿ ಘೋಷಿತ ಆಸ್ತಿ 1,020 ಕೋಟಿ ರೂಪಾಯಿಗೆ ಏರಿತ್ತು. ಆ ಚುನಾವಣೆಯ ಅತಿ ಶ್ರೀಮಂತ ಅಭ್ಯರ್ಥಿ ಅವರೇ. ಆದರೆ ಅದೇ ಸೋಮಣ್ಣ ಅವರೆದುರು ಸುಮಾರು 11 ಸಾವಿರ ಮತಗಳಿಂದ ಸೋತರು. 2023ರಲ್ಲಿ 1,156 ಕೋಟಿ ರೂಪಾಯಿ ಆಸ್ತಿ, 881 ಕೋಟಿ ರೂಪಾಯಿ ಸಾಲ ಘೋಷಿಸಿ ಪುನಃ ಗೆದ್ದರು. ನಗರದ ಇನ್ನೊಂದು ಅಂಚಿನ ಹೊಸಕೋಟೆಯಲ್ಲೂ ಇಂಥದೇ ನಿದರ್ಶನವಿದೆ. ಸಾವಿರ ಕೋಟಿಗೂ ಮಿಕ್ಕ ಆಸ್ತಿ ಘೋಷಿಸಿದ್ದ ಎನ್. ನಾಗರಾಜು (ಎಂಟಿಬಿ) 2018ರಲ್ಲಿ ಗೆದ್ದು, ಪಕ್ಷಾಂತರದ ಬಳಿಕ 2019ರ ಉಪಚುನಾವಣೆಯಲ್ಲಿ ಪಕ್ಷೇತರ ಅಭ್ಯರ್ಥಿ ಶರತ್ ಬಚ್ಚೇಗೌಡ ಅವರೆದುರು ಸೋತರು.

ಆಸ್ತಿ ಇರುವುದು ಅಪರಾಧವಲ್ಲ. ಅದನ್ನು ಕಾನೂನುಬದ್ಧವಾಗಿ ಘೋಷಿಸಿದವರನ್ನು ಶಂಕಿಸಲು ಘೋಷಣೆಯೇ ಆಧಾರವಾಗದು. ಈ ಅಂಕಿಗಳು ಹೇಳುವುದು ಬೇರೆ ಮಾತು. ಮತದಾರ ಸಿರಿವಂತಿಕೆಗೆ ಮಾರುಹೋಗುವ ಮೂಕ ಜೀವಿಯಲ್ಲ. ಅದೇ ವೇಳೆಗೆ, ಅವನು ಸದಾ ಒಂದೇ ದಿಕ್ಕಿಗೆ ತೀರ್ಪು ಕೊಡುವವನೂ ಅಲ್ಲ. 2009ರಲ್ಲಿ ಪಕ್ಷ ಬದಲಿಸಿದವರನ್ನು ಗೋವಿಂದರಾಜನಗರ ತಿರಸ್ಕರಿಸಿತು. 2019ರ ಡಿಸೆಂಬರ್‌ನಲ್ಲಿ ಕೆಂಗೇರಿಯನ್ನು ಒಳಗೊಂಡ ಯಶವಂತಪುರ ಕ್ಷೇತ್ರ ಮತ್ತು ಮಹಾಲಕ್ಷ್ಮಿ ಲೇಔಟ್, 2020ರ ನವೆಂಬರ್‌ನಲ್ಲಿ ರಾಜರಾಜೇಶ್ವರಿನಗರ ಪಕ್ಷ ಬದಲಿಸಿದವರನ್ನೇ ಮರಳಿ ಆರಿಸಿದವು.

ಇಡೀ ರಾಜ್ಯದ ಚಿತ್ರ ಇನ್ನಷ್ಟು ಕಟುವಾಗಿದೆ. ಎಡಿಆರ್ ವಿಶ್ಲೇಷಣೆಯ ಪ್ರಕಾರ ಗೆದ್ದ ಶಾಸಕರ ಸರಾಸರಿ ಆಸ್ತಿ 2013ರಲ್ಲಿ 23.54 ಕೋಟಿ, 2018ರಲ್ಲಿ 34.59 ಕೋಟಿ, 2023ರಲ್ಲಿ 64.39 ಕೋಟಿ ರೂಪಾಯಿ. 2023ರಲ್ಲಿ ವಿಶ್ಲೇಷಣೆಗೆ ಒಳಪಟ್ಟ 223 ಶಾಸಕರಲ್ಲಿ 217 ಮಂದಿ ಕೋಟ್ಯಧಿಪತಿಗಳು. ಆಸ್ತಿ ಘೋಷಣೆ ಬಂದ ಮೇಲೆ ಸಿರಿವಂತರ ಸಂಖ್ಯೆ ಇಳಿಯಲಿಲ್ಲ, ಏರಿತು. ಟಿಕೆಟ್ ಹಂಚುವಾಗಲೇ ಪಕ್ಷಗಳು ಹಣವಿದ್ದವರನ್ನು ಹುಡುಕಿದರೆ ಮತದಾರನಿಗೆ ಉಳಿಯುವುದು ಸಿರಿವಂತ ಮತ್ತು ಮತ್ತೊಬ್ಬ ಸಿರಿವಂತನ ನಡುವಿನ ಆಯ್ಕೆ. ತಿಳಿವಳಿಕೆ ಅಗತ್ಯ, ಆದರೆ ಅದೊಂದೇ ಸಾಲದು.

ಮಿತಿಯುಳ್ಳ ಖರ್ಚು, ಮಿತಿಯಿಲ್ಲದ ಖರ್ಚು

ಕರ್ನಾಟಕದಲ್ಲಿ ವಿಧಾನಸಭಾ ಅಭ್ಯರ್ಥಿಯ ಚುನಾವಣಾ ವೆಚ್ಚದ ಮಿತಿ 2018ರಲ್ಲಿ 28 ಲಕ್ಷ ರೂಪಾಯಿ ಇತ್ತು. 2022ರ ಜನವರಿಯಲ್ಲಿ ಅದು 40 ಲಕ್ಷಕ್ಕೆ ಏರಿತು. ಆದರೆ ಪಕ್ಷ ಮಾಡುವ ವೆಚ್ಚಕ್ಕೆ ಮಿತಿಯೇ ಇಲ್ಲ. ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚನ್ನೂ ಅವನ ಲೆಕ್ಕಕ್ಕೆ ಸೇರಿಸಬೇಕೆಂದು 1974ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆ ತೀರ್ಪನ್ನು ನಿಷ್ಫಲಗೊಳಿಸಲು ಕೂಡಲೇ ಕಾಯ್ದೆಗೆ ತಿದ್ದುಪಡಿ ತರಲಾಯಿತು. ಕೊಡದ ತಳಕ್ಕೆ ತೂತು ಕೊರೆದು ಬಾಯಿಗೆ ಮುಚ್ಚಳ ಹಾಕಿದಂತಾಯಿತು.

ಕಾಗದದ ಮಿತಿಗೂ ಬೀದಿಯ ವಾಸ್ತವಕ್ಕೂ ಇರುವ ಅಂತರವನ್ನು ಜಪ್ತಿಯ ಅಂಕಿಗಳು ತೋರುತ್ತವೆ. 2023ರ ವಿಧಾನಸಭಾ ಚುನಾವಣೆಯ ವೇಳೆ ರಾಜ್ಯದಲ್ಲಿ ವಶಪಡಿಸಿಕೊಂಡ ನಗದು, ಮದ್ಯ, ಚಿನ್ನ, ಉಡುಗೊರೆ ಮುಂತಾದವುಗಳ ಮೌಲ್ಯ ಸುಮಾರು 375 ಕೋಟಿ ರೂಪಾಯಿ. 2018ಕ್ಕೆ ಹೋಲಿಸಿದರೆ ನಾಲ್ಕು ಪಟ್ಟಿಗೂ ಅಧಿಕ. 2018ರ ಮೇ ತಿಂಗಳಲ್ಲಿ ಜಾಲಹಳ್ಳಿಯ ಫ್ಲ್ಯಾಟ್ ಒಂದರಲ್ಲಿ 9,746 ಮತದಾರರ ಗುರುತಿನ ಚೀಟಿಗಳು ಪತ್ತೆಯಾದಾಗ ಚುನಾವಣಾ ಆಯೋಗ ರಾಜರಾಜೇಶ್ವರಿನಗರ ಕ್ಷೇತ್ರದ ಮತದಾನವನ್ನು ಮೇ 12ರಿಂದ 28ಕ್ಕೆ ಮುಂದೂಡಿತು. ಸಂಸ್ಥೆಗೆ ಇಚ್ಛೆಯಿದ್ದರೆ ಕೈಗೆ ಅಧಿಕಾರವೂ ಇದೆ ಎಂಬುದಕ್ಕೆ ಇದು ಉದಾಹರಣೆ.

ಪಕ್ಷಗಳಿಗೆ ಬರುವ ದೇಣಿಗೆಯ ಕಥೆಯೂ ಇದಕ್ಕೆ ಹೊಂದಿಕೊಂಡಿದೆ. 2018ರ ಜನವರಿಯಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡ್‌ನಲ್ಲಿ ಕೊಟ್ಟವರ ಹೆಸರು ಮತದಾರನಿಗೆ ತಿಳಿಯುತ್ತಿರಲಿಲ್ಲ. ಲಾಭದ ಇಂತಿಷ್ಟು ಪಾಲನ್ನು ಮಾತ್ರ ಕಂಪೆನಿಗಳು ಪಕ್ಷಗಳಿಗೆ ಕೊಡಬಹುದೆಂಬ ಹಳೆಯ ಕಟ್ಟುಪಾಡನ್ನೂ ಅದರ ಜೊತೆಗೇ ತೆಗೆದುಹಾಕಲಾಗಿತ್ತು. ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ಫೆಬ್ರುವರಿ 15ರಂದು ಎರಡನ್ನೂ ರದ್ದುಪಡಿಸಿತು. ವಿವರ ನೀಡಲು ಜೂನ್ ಅಂತ್ಯದವರೆಗೆ ಕಾಲಾವಕಾಶ ಬೇಕೆಂದ ಸ್ಟೇಟ್ ಬ್ಯಾಂಕಿನ ಕೋರಿಕೆ ತಿರಸ್ಕೃತವಾಯಿತು. ಮಾರ್ಚ್ ತಿಂಗಳಲ್ಲಿ ಪಟ್ಟಿ ಹೊರಬಿದ್ದಾಗ, ಅತಿ ಹೆಚ್ಚು ಪಾಲು ಬಿಜೆಪಿಗೆ ಸಂದಿದ್ದು ಕಂಡುಬಂತು. ಕರ್ನಾಟಕದ ಜೆಡಿಎಸ್‌ಗೆ 89.75 ಕೋಟಿ ರೂಪಾಯಿ ಬಂದಿದ್ದು, ಅದರಲ್ಲಿ 50 ಕೋಟಿ ಮೇಘಾ ಎಂಜಿನಿಯರಿಂಗ್ ಎಂಬ ಒಂದೇ ಕಂಪೆನಿಯದು ಎಂದೂ ತಿಳಿಯಿತು. ಆರು ವರ್ಷ ಗುಟ್ಟಾಗಿದ್ದ ಲೆಕ್ಕ ಆರು ವಾರಗಳೊಳಗೆ ಬಯಲಾಯಿತು. ಆದರೆ ಆ ಅವಧಿಯಲ್ಲಿ ನಡೆದ ಚುನಾವಣೆಗಳಲ್ಲಿ ಮತ ಹಾಕಿದವರಿಗೆ ಆ ತಿಳಿವಳಿಕೆ ದಕ್ಕಲಿಲ್ಲ.

ಸುದ್ದಿಯ ಒಡೆಯರು

ಅಭ್ಯರ್ಥಿಯ ಲೆಕ್ಕವನ್ನು ಮತದಾರನಿಗೆ ತಲುಪಿಸಬೇಕಾದದ್ದು ಪತ್ರಿಕೆ ಮತ್ತು ದೂರದರ್ಶನ ವಾಹಿನಿಗಳು. ಅವುಗಳ ಲೆಕ್ಕವನ್ನು ತಲುಪಿಸುವವರು ಯಾರು?

ಕನ್ನಡ ಪತ್ರಿಕೋದ್ಯಮಕ್ಕೆ ಬಂಡವಾಳ ಬೇರೆಡೆಯಿಂದ ಬಂದದ್ದು ಹೊಸದಲ್ಲ. 1948ರಲ್ಲಿ ‘ಪ್ರಜಾವಾಣಿ’ಯನ್ನು ಸ್ಥಾಪಿಸಿದ ಕೆ.ಎನ್. ಗುರುಸ್ವಾಮಿ ಅಬಕಾರಿ ಗುತ್ತಿಗೆಯ ಹಿನ್ನೆಲೆಯವರು. ಸಾರಿಗೆ ಉದ್ಯಮಿ ಹಾಗೂ ಸಂಸದ ವಿಜಯ ಸಂಕೇಶ್ವರ 1999ರಲ್ಲಿ ‘ವಿಜಯ ಕರ್ನಾಟಕ’ ಆರಂಭಿಸಿದರು. ಕಡಿಮೆ ಬೆಲೆ, ಹೆಚ್ಚು ಆವೃತ್ತಿಗಳ ಬಲದಿಂದ ಅದು ಕೆಲವೇ ವರ್ಷಗಳಲ್ಲಿ ಪ್ರಸಾರದಲ್ಲಿ ಮುಂಚೂಣಿಗೆ ಬಂತು. 2006ರಲ್ಲಿ ಆ ಸಂಸ್ಥೆಯನ್ನು ಟೈಮ್ಸ್ ಬಳಗದ ಬೆನೆಟ್ ಕೋಲ್ಮನ್ ಕಂಪೆನಿ ಕೊಂಡಿತು. ಅದರೊಂದಿಗೆ ಹೋದ ‘ವಿಜಯ್ ಟೈಮ್ಸ್’, ‘ಉಷಾಕಿರಣ’ ಎಂಬ ಹೆಸರುಗಳು ಮುಂದೆ ಉಳಿಯಲಿಲ್ಲ. 2012ರಲ್ಲಿ ಸಂಕೇಶ್ವರ ಬಳಗ ‘ವಿಜಯವಾಣಿ’ಯೊಂದಿಗೆ ಮರಳಿತು.

ವಾಹಿನಿಗಳಲ್ಲಿ ರಾಜಕಾರಣದ ನಂಟು ಇನ್ನೂ ನೇರ. 2007ರಲ್ಲಿ ಆರಂಭವಾದ ‘ಕಸ್ತೂರಿ’ ಎಚ್.ಡಿ. ಕುಮಾರಸ್ವಾಮಿ ಕುಟುಂಬದ್ದು. ‘ಜನಶ್ರೀ’ ಬಳ್ಳಾರಿಯ ಜನಾರ್ದನ ರೆಡ್ಡಿ–ಶ್ರೀರಾಮುಲು ಬಳಗದೊಂದಿಗೆ ಗುರುತಿಸಿಕೊಂಡಿತ್ತು. ‘ಸುವರ್ಣ ನ್ಯೂಸ್’ ಮತ್ತು ‘ಕನ್ನಡಪ್ರಭ’ಗಳಲ್ಲಿ ಹೂಡಿಕೆ ಮಾಡಿದ ಜುಪಿಟರ್ ಕ್ಯಾಪಿಟಲ್ ಸ್ಥಾಪಕ ರಾಜೀವ್ ಚಂದ್ರಶೇಖರ್ 2006ರಲ್ಲಿ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು. ಹೀಗೆ ಬೇರೆ ಬೇರೆ ಪಕ್ಷಗಳ, ಬೇರೆ ಬೇರೆ ಪ್ರಾಂತಗಳ ರಾಜಕಾರಣಿಗಳು ಒಂದೇ ತೀರ್ಮಾನಕ್ಕೆ ಬಂದಿದ್ದರು.

ನಂತರದ ಹಂತದಲ್ಲಿ ರಾಷ್ಟ್ರಮಟ್ಟದ ಬಂಡವಾಳ ಬಂತು. ಈಟಿವಿ ಕನ್ನಡ 2015ರಲ್ಲಿ ‘ಕಲರ್ಸ್ ಕನ್ನಡ’ವಾಯಿತು, ಅದರ ಹಿಂದಿದ್ದ ನೆಟ್‌ವರ್ಕ್18 ಬಳಗದ ಹಿಡಿತ 2014ರಲ್ಲೇ ರಿಲಯನ್ಸ್ ಕೈ ಸೇರಿತ್ತು. 2024ರ ನವೆಂಬರ್‌ನಲ್ಲಿ ರಿಲಯನ್ಸ್ ಮತ್ತು ಡಿಸ್ನಿಯ ಭಾರತೀಯ ಮಾಧ್ಯಮ ವ್ಯವಹಾರಗಳು ವಿಲೀನಗೊಂಡು ಜಿಯೊಸ್ಟಾರ್ ರೂಪುಗೊಂಡಾಗ, ಅದುವರೆಗೆ ಪೈಪೋಟಿ ನಡೆಸುತ್ತಿದ್ದ ‘ಕಲರ್ಸ್ ಕನ್ನಡ’ ಮತ್ತು ‘ಸ್ಟಾರ್ ಸುವರ್ಣ’ ಒಂದೇ ಸೂರಿನಡಿ ಬಂದವು. ಬಸವೇಶ್ವರನಗರದ ಮನೆಯೊಂದರಲ್ಲಿ ರಿಮೋಟ್ ಒತ್ತಿ ವಾಹಿನಿ ಬದಲಿಸಿದವರಿಗೆ ಮಾಲೀಕರು ಬದಲಾಗಲಿಲ್ಲವೆಂಬುದು ತಿಳಿಯುವ ಬಗೆಯಿಲ್ಲ.

ಕಾನೂನು ಹಿಂಜರಿದದ್ದೇಕೆ?

ಕೇಂದ್ರೀಕರಣದ ಅಪಾಯವನ್ನು ಯಾರೂ ಗುರುತಿಸಿರಲಿಲ್ಲವೆಂದಲ್ಲ. ಮೊದಲ ಪತ್ರಿಕಾ ಆಯೋಗ 1954ರಲ್ಲೇ ಪುಟಗಳ ಸಂಖ್ಯೆಗೆ ತಕ್ಕ ಬೆಲೆ ನಿಗದಿಪಡಿಸಿದರೆ ಸಣ್ಣ ಪತ್ರಿಕೆಗಳು ಉಳಿಯುತ್ತವೆ ಎಂದಿತು. ಅದರಂತೆ 1956ರಲ್ಲಿ ಕಾಯ್ದೆ ಬಂತು. ‘ಸಕಾಳ್’ ಪತ್ರಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1961ರಲ್ಲಿ ಅದನ್ನು ರದ್ದುಪಡಿಸಿತು. ಪುಟ ಮತ್ತು ಬೆಲೆಯ ನಿಯಂತ್ರಣ ಅಭಿವ್ಯಕ್ತಿ ಸ್ವಾತಂತ್ರ್ಯದ ಮೇಲಿನ ನಿಯಂತ್ರಣವೇ ಎಂಬುದು ಅದರ ನಿಲುವು. 1972ರ ಬೆನೆಟ್ ಕೋಲ್ಮನ್ ಪ್ರಕರಣದಲ್ಲೂ ಬಹುಮತದ ತೀರ್ಪು ಅದೇ ಜಾಡಿನಲ್ಲಿ ಸಾಗಿತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಅವರೇ ಮುಂದೆ ಎರಡನೆಯ ಪತ್ರಿಕಾ ಆಯೋಗದ ಅಧ್ಯಕ್ಷರಾದರು. ಪತ್ರಿಕೆಗಳನ್ನು ಇತರ ಉದ್ಯಮಗಳಿಂದ ಬೇರ್ಪಡಿಸಬೇಕೆಂದು ಆ ಆಯೋಗ 1982ರಲ್ಲಿ ಶಿಫಾರಸು ಮಾಡಿತು.

ನ್ಯಾಯಾಲಯದ ಭಯ ನಿರಾಧಾರವಾಗಿರಲಿಲ್ಲ. ಒಡೆತನಕ್ಕೆ ಕಡಿವಾಣ ಹಾಕುವ ಅಧಿಕಾರ ಸರ್ಕಾರದ ಕೈಗೆ ಹೋದರೆ, ಅದು ಟೀಕೆಗೂ ಕಡಿವಾಣ ಹಾಕಬಹುದು. 1975ರ ತುರ್ತುಪರಿಸ್ಥಿತಿ ಅದನ್ನು ತೋರಿಸಿಕೊಟ್ಟಿತು. ಆದರೆ ಒಡೆತನವನ್ನು ನಿಯಂತ್ರಿಸುವುದು ಬೇರೆ, ಅದನ್ನು ಬಹಿರಂಗಪಡಿಸುವುದು ಬೇರೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2014ರ ಆಗಸ್ಟ್ 12ರಂದು ಸಲ್ಲಿಸಿದ ಶಿಫಾರಸಿನಲ್ಲಿ ರಾಜಕೀಯ ಪಕ್ಷಗಳು ಮತ್ತು ಸರ್ಕಾರಗಳು ಪ್ರಸಾರ ವ್ಯವಹಾರದಿಂದ ದೂರ ಇರಬೇಕು, ಒಂದೇ ಮಾರುಕಟ್ಟೆಯಲ್ಲಿ ಪತ್ರಿಕೆ ಮತ್ತು ವಾಹಿನಿ ಎರಡರಲ್ಲೂ ಪ್ರಾಬಲ್ಯ ಒಬ್ಬರಿಗೇ ಸಿಗಬಾರದು ಎಂದಿತ್ತು. 2022ರಲ್ಲಿ ಅದೇ ವಿಷಯದ ಮೇಲೆ ಮತ್ತೊಂದು ಸಮಾಲೋಚನಾ ಪತ್ರ ಬಂತು. ಶಾಸನ ಬರಲಿಲ್ಲ.

ಪತ್ರಿಕೆಗಳ ಮಟ್ಟಿಗೆ ಒಂದು ಕಿಂಡಿ ಇತ್ತು. 1956ರ ನಿಯಮಗಳ ಪ್ರಕಾರ ಪ್ರತಿ ಪತ್ರಿಕೆಯೂ ಫೆಬ್ರುವರಿ ಮುಗಿದ ನಂತರದ ಮೊದಲ ಸಂಚಿಕೆಯಲ್ಲಿ ನಾಲ್ಕನೆಯ ನಮೂನೆ ಎಂಬ ಚಿಕ್ಕ ಪ್ರಕಟಣೆಯನ್ನು ಕೊಡಬೇಕಾಗಿತ್ತು. ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರುಗಳೊಂದಿಗೆ ಶೇಕಡಾ ಒಂದಕ್ಕಿಂತ ಹೆಚ್ಚು ಬಂಡವಾಳ ಹೊಂದಿದವರ ಹೆಸರೂ ಅದರಲ್ಲಿರುತ್ತಿತ್ತು. ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರುತ್ತಿದ್ದ ಅದನ್ನು ಓದಿದವರು ಕಡಿಮೆ. 1867ರ ಮೂಲ ಕಾಯ್ದೆಯ ಸ್ಥಾನದಲ್ಲಿ 2024ರ ಮಾರ್ಚ್ 1ರಿಂದ ಹೊಸ ನೋಂದಣಿ ಕಾಯ್ದೆ ಜಾರಿಗೆ ಬಂದಿದೆ. ವಾಹಿನಿಗಳಿಗಂತೂ ತಮ್ಮ ಒಡೆಯರು ಯಾರೆಂದು ಪರದೆಯ ಮೇಲೆ ತೋರಿಸುವ ಬಾಧ್ಯತೆಯಿಲ್ಲ. ಕಂಪೆನಿ ದಾಖಲೆಗಳಲ್ಲಿ ಶುಲ್ಕ ಕಟ್ಟಿ ಹುಡುಕುವವರಿಗೆ ಷೇರುದಾರರ ಹೆಸರು ಸಿಗುತ್ತದೆ. ಆ ಷೇರುದಾರ ಇನ್ನೊಂದು ಕಂಪೆನಿಯಾಗಿದ್ದರೆ ಹುಡುಕಾಟ ಮತ್ತೆ ಮೊದಲಿನಿಂದ.

ಕಾಸಿಗಾಗಿ ಸುದ್ದಿ

ಒಡೆತನ ಕಾಣದಿದ್ದರೆ ಸುದ್ದಿ ಮತ್ತು ಜಾಹೀರಾತಿನ ಗಡಿಯೂ ಮಸುಕಾಗುತ್ತದೆ. 2009ರ ಚುನಾವಣೆಗಳ ನಂತರ ‘ಕಾಸಿಗಾಗಿ ಸುದ್ದಿ’ ದೇಶದಾದ್ಯಂತ ಚರ್ಚೆಯಾಯಿತು. ಭಾರತೀಯ ಪತ್ರಿಕಾ ಮಂಡಳಿಯ ಇಬ್ಬರು ಸದಸ್ಯರ ಉಪಸಮಿತಿ 2010ರಲ್ಲಿ 71 ಪುಟಗಳ ವರದಿ ಸಿದ್ಧಪಡಿಸಿತು. ಮಂಡಳಿ ಮೊದಲು ಹೊರತಂದದ್ದು ಪತ್ರಿಕೆಗಳ ಹೆಸರನ್ನು ಬಿಟ್ಟ ಸಂಕ್ಷಿಪ್ತ ರೂಪವನ್ನು. ಮಾಹಿತಿ ಹಕ್ಕಿನಡಿ ಕೇಂದ್ರ ಮಾಹಿತಿ ಆಯೋಗ ಆದೇಶಿಸಿದ ಮೇಲೆ 2011ರಲ್ಲಿ ಪೂರ್ಣ ವರದಿ ಬೆಳಕಿಗೆ ಬಂತು. ಚುನಾವಣಾ ಆಯೋಗ ಜಿಲ್ಲಾ ಮಟ್ಟದಲ್ಲಿ ಮಾಧ್ಯಮ ನಿಗಾ ಸಮಿತಿಗಳನ್ನು ರಚಿಸಿತು. 2011ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಶಾಸಕಿ ಉಮ್ಲೇಶ್ ಯಾದವ್ ಇಂಥ ವೆಚ್ಚವನ್ನು ಲೆಕ್ಕದಲ್ಲಿ ತೋರಿಸದಿದ್ದುದಕ್ಕೆ ಮೂರು ವರ್ಷಗಳ ಅನರ್ಹತೆಗೆ ಗುರಿಯಾದರು. ಇಲ್ಲೂ ಅದೇ ಲೋಪ ಉಳಿಯಿತು. ಶಿಕ್ಷೆ ಸುದ್ದಿಯನ್ನು ಕೊಂಡವರಿಗೆ, ಮಾರಿದವರಿಗಲ್ಲ. ವಾಹಿನಿಯೇ ರಾಜಕಾರಣಿಯದಾದರೆ ಕೊಳ್ಳುವ ಪ್ರಮೇಯವೇ ಬರುವುದಿಲ್ಲ, ಆದ್ದರಿಂದ ಲೆಕ್ಕವೂ ಇರುವುದಿಲ್ಲ.

ಕೆಂಗೇರಿಯ ರಸ್ತೆ

ಹಣಬಲದ ಪರೀಕ್ಷೆ ಚುನಾವಣೆಯ ದಿನ ಮಾತ್ರವಲ್ಲ, ಎರಡು ಚುನಾವಣೆಗಳ ನಡುವಿನ ಐದು ವರ್ಷವೂ ನಡೆಯುತ್ತಿರುತ್ತದೆ. ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರ್ ಯೋಜನೆ ಇದಕ್ಕೆ ಉದಾಹರಣೆ. ರಾಜ್ಯ ಸರ್ಕಾರ ಮತ್ತು ನೈಸ್ ಸಂಸ್ಥೆಯ ನಡುವೆ 1997ರ ಏಪ್ರಿಲ್‌ನಲ್ಲಿ ಒಪ್ಪಂದವಾಯಿತು. ಎಕ್ಸ್‌ಪ್ರೆಸ್ ಮಾರ್ಗ, ಉಪನಗರಗಳು, ಹೊರವರ್ತುಲ ರಸ್ತೆಗಾಗಿ ಒಪ್ಪಂದ ಗುರುತಿಸಿದ ಭೂಮಿ 20,193 ಎಕರೆ. ಕೆಂಗೇರಿಯ ಬಳಿ ಮೈಸೂರು ರಸ್ತೆಯನ್ನು ದಾಟುವ ವರ್ತುಲ ರಸ್ತೆ ಬಂತು, ಟೋಲ್ ಸಂಗ್ರಹ ಶುರುವಾಯಿತು. ಮೈಸೂರಿನವರೆಗಿನ ಮಾರ್ಗ ಪೂರ್ಣಗೊಳ್ಳಲಿಲ್ಲ.

ಭೂಮಿ ಅಗತ್ಯಕ್ಕಿಂತ ಹೆಚ್ಚಾಯಿತೆಂದು ರೈತರೂ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರೂ ಆಕ್ಷೇಪಿಸಿದರು. ಯೋಜನೆ ಸಾರ್ವಜನಿಕ ಹಿತದ್ದೆಂದೂ ಒಪ್ಪಂದವನ್ನು ಸರ್ಕಾರ ಪಾಲಿಸಬೇಕೆಂದೂ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಟಿ.ಬಿ. ಜಯಚಂದ್ರ ಅಧ್ಯಕ್ಷತೆಯ ಸದನ ಸಮಿತಿ 2016ರಲ್ಲಿ ಅಕ್ರಮಗಳನ್ನು ಪಟ್ಟಿ ಮಾಡಿ ಕೇಂದ್ರದ ತನಿಖಾ ಸಂಸ್ಥೆಗಳಿಂದ ತನಿಖೆಯಾಗಬೇಕೆಂದಿತು. ಈ ನಡುವೆ ನೈಸ್ ಮುಖ್ಯಸ್ಥ ಅಶೋಕ್ ಖೇಣಿ 2013ರಲ್ಲಿ ಬೀದರ್ ದಕ್ಷಿಣದಿಂದ ಶಾಸಕರಾಗಿ ಅದೇ ಸದನ ಸೇರಿದ್ದರು.

ಮಾಧ್ಯಮದ ದೃಷ್ಟಿಯಿಂದ ಈ ಪ್ರಕರಣದ ಇನ್ನೊಂದು ಎಳೆ ಮುಖ್ಯ. 2011ರಲ್ಲಿ ಕನ್ನಡ ಸುದ್ದಿವಾಹಿನಿಯ ಸಂದರ್ಶನದಲ್ಲಿ ಆಡಿದ ಮಾತುಗಳಿಗಾಗಿ ನೈಸ್ ಹೂಡಿದ ಮಾನನಷ್ಟ ದಾವೆಯಲ್ಲಿ, ಆರೋಪಗಳನ್ನು ಸಮರ್ಥಿಸಲು ದೇವೇಗೌಡರು ವಿಫಲರಾದರೆಂದು ಅಭಿಪ್ರಾಯಪಟ್ಟ ಬೆಂಗಳೂರಿನ ಸಿವಿಲ್ ನ್ಯಾಯಾಲಯ 2021ರಲ್ಲಿ 2 ಕೋಟಿ ರೂಪಾಯಿ ಪರಿಹಾರ ನೀಡುವಂತೆ ಆದೇಶಿಸಿತು. 2022ರಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಕಂಪೆನಿಗೂ ತನ್ನ ಮಾನ ಕಾಪಾಡಿಕೊಳ್ಳುವ ಹಕ್ಕಿದೆ. ಆದರೆ ಮಾಜಿ ಪ್ರಧಾನಿಯೊಬ್ಬರು ಹತ್ತು ವರ್ಷ ವಕೀಲರನ್ನು ಇಟ್ಟುಕೊಂಡು ಎದುರಿಸಬಹುದಾದ ದಾವೆಯನ್ನು ಒಂದು ಸಣ್ಣ ವಾರಪತ್ರಿಕೆ ಎದುರಿಸಲಾರದು. ತೀರ್ಪು ಏನೇ ಬರಲಿ, ದಾವೆಯ ವೆಚ್ಚವೇ ಬಾಯಿ ಮುಚ್ಚಿಸಬಲ್ಲದು.

ಎದುರು ಈಜಿದವರು

ಹೀಗಿದ್ದೂ ಪ್ರತಿರೋಧದ ದಾಖಲೆ ಬರಿದಾಗಿಲ್ಲ. 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತನ್ನೇ ಪಡೆಯದೆ ಓದುಗರ ಹಣದಿಂದ ನಡೆದು, ಸರ್ಕಾರಗಳನ್ನು ನಡುಗಿಸಿತು. ಅದೇ ಮಾದರಿಯಲ್ಲಿ ವಾರಪತ್ರಿಕೆ ನಡೆಸುತ್ತಿದ್ದ ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರಂದು ರಾಜರಾಜೇಶ್ವರಿನಗರದ ಅವರ ಮನೆಯ ಮುಂದೆ ಗುಂಡಿಟ್ಟು ಕೊಲ್ಲಲಾಯಿತು. ಓದುಗರ ಬೆಂಬಲದಿಂದಲೇ ಪತ್ರಿಕೆ ಬದುಕಬಹುದೆಂಬುದಕ್ಕೂ, ಒಬ್ಬ ವ್ಯಕ್ತಿಯ ಮೇಲೆ ನಿಂತ ಪತ್ರಿಕೆ ಎಷ್ಟು ದುರ್ಬಲ ಎಂಬುದಕ್ಕೂ ಈ ಪರಂಪರೆ ಸಾಕ್ಷಿ.

ಸಂಸ್ಥೆಗಳ ಕಡೆಯಿಂದ ಲೋಕಾಯುಕ್ತದ ಉದಾಹರಣೆಯಿದೆ. ಬಳ್ಳಾರಿ ಗಣಿ ಹಗರಣದಲ್ಲಿ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಅಂದಾಜಿಸಿದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ 2011ರ ಜುಲೈ 27ರಂದು ಸಲ್ಲಿಕೆಯಾಯಿತು. ನಾಲ್ಕೇ ದಿನಗಳಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ನೀಡಿದರು. ಸೆಪ್ಟೆಂಬರ್‌ನಲ್ಲಿ ಜನಾರ್ದನ ರೆಡ್ಡಿ ಬಂಧನವಾಯಿತು. ತಮ್ಮದೇ ವಾಹಿನಿ ಇದ್ದೂ ಅದು ರಕ್ಷೆಯಾಗಲಿಲ್ಲ. 2016ರಲ್ಲಿ ಬೇರೊಂದು ಪಕ್ಷದ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ರಚಿಸಿ ಲೋಕಾಯುಕ್ತದ ಪೊಲೀಸ್ ಬಲವನ್ನು ಕಿತ್ತುಕೊಂಡಿತು. ಅದನ್ನು ಮರಳಿಸಲು 2022ರ ಆಗಸ್ಟ್‌ನಲ್ಲಿ ಹೈಕೋರ್ಟೇ ಬರಬೇಕಾಯಿತು.

ಜಗತ್ತಿನ ಅನುಭವವೂ ಇದಕ್ಕಿಂತ ಬೇರೆಯಲ್ಲ. ಇಟಲಿಯ ಸಿಲ್ವಿಯೊ ಬೆರ್ಲುಸ್ಕೋನಿ ದೇಶದ ಪ್ರಮುಖ ಖಾಸಗಿ ವಾಹಿನಿಗಳ ಒಡೆಯರಾಗಿದ್ದು 1994, 2001 ಮತ್ತು 2008ರಲ್ಲಿ ಗೆದ್ದರು. ಆದರೆ 1996 ಮತ್ತು 2006ರಲ್ಲಿ ಸೋತರು. ಮಾಧ್ಯಮಬಲ ಗೆಲುವಿನ ಖಾತರಿಯಲ್ಲ. ಪೈಪೋಟಿಯ ನೆಲವನ್ನು ಒಂದು ಕಡೆಗೆ ವಾಲಿಸುವ ಭಾರ.

ವಾರ್ಡಿಗೆ ಸದಸ್ಯನಿಲ್ಲದ ಕಾಲ

ಸುದ್ದಿಯ ಕೊರತೆ ಹೆಚ್ಚು ಕಾಡುವುದು ಕೆಳಹಂತದಲ್ಲಿ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡ್‌ಗಳಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್ 10ಕ್ಕೆ ಕೌನ್ಸಿಲ್‌ನ ಅವಧಿ ಮುಗಿದ ಮೇಲೆ ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಪಾಲಿಕೆಯೇ ಇಲ್ಲವಾಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ 2025ರ ಸೆಪ್ಟೆಂಬರ್ 2ರಂದು ಐದು ಹೊಸ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ವಿಜಯನಗರ, ಗೋವಿಂದರಾಜನಗರಗಳು ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರಿದವು. ಅಷ್ಟು ವರ್ಷ ವೃಷಭಾವತಿಯ ಕೊಳಕು ನೀರಿನ ಬಗ್ಗೆಯೋ ಕಸದ ಗುತ್ತಿಗೆಯ ಬಗ್ಗೆಯೋ ಉತ್ತರ ಹೇಳಬೇಕಾದ ವಾರ್ಡ್ ಸದಸ್ಯನೇ ಇರಲಿಲ್ಲ.

ಒಂದು ಪಕ್ಷದ ಸರ್ಕಾರವಿದ್ದಾಗಲೂ ಇನ್ನೊಂದು ಪಕ್ಷದ ಸರ್ಕಾರ ಬಂದಾಗಲೂ ಇದು ಮುಂದುವರಿಯಿತು. ರಾಜ್ಯವ್ಯಾಪಿ ವಾಹಿನಿಗಳಿಗೆ ವಾರ್ಡ್ ದೊಡ್ಡ ಸುದ್ದಿಯಲ್ಲ. ಅದನ್ನು ಹುಡುಕಿ ಬರೆಯುವ ವರದಿಗಾರನ ಸಂಬಳಕ್ಕೆ ತಕ್ಕ ಜಾಹೀರಾತು ಅಲ್ಲಿಂದ ಬರುವುದಿಲ್ಲ. ಆಯ್ಕೆಯಾದ ಪ್ರತಿನಿಧಿಯೂ ಇಲ್ಲ, ವರದಿಗಾರನೂ ಇಲ್ಲ ಎಂದಾದಾಗ ಗುತ್ತಿಗೆಯ ಹಣ ಯಾವ ಕಡೆ ಹರಿಯಿತೆಂದು ಕೇಳುವವರು ಯಾರು?

ಉತ್ತರ ಇರುವ ಕಡೆ

ಹಾಗಾದರೆ ಪ್ರಜಾಪ್ರಭುತ್ವ ತಡೆದು ನಿಲ್ಲಬಲ್ಲದೆ? ಕರ್ನಾಟಕದ ದಾಖಲೆಯ ಉತ್ತರ: ನಿಲ್ಲಬಲ್ಲದು, ಆದರೆ ತಾನಾಗಿ ಅಲ್ಲ. ಆಸ್ತಿ ಘೋಷಣೆ, ಬಾಂಡ್ ಪಟ್ಟಿ, ಗಣಿ ವರದಿ, ಕಾಸಿಗಾಗಿ ಸುದ್ದಿಯ ಪೂರ್ಣ ವರದಿ ಎಲ್ಲವೂ ಯಾರೋ ಹಟ ಹಿಡಿದು ಕೇಳಿದ್ದರಿಂದ ಬಂದವು. ಬಹಳಷ್ಟು ಸಲ ಆಳುವವರ ಇಚ್ಛೆಗೆ ವಿರುದ್ಧವಾಗಿಯೇ ಬಂದವು.

ಉಳಿದಿರುವ ಕೆಲಸದ ಪಟ್ಟಿ ಉದ್ದವಾಗಿಲ್ಲ. ಅಭ್ಯರ್ಥಿಯ ವೆಚ್ಚಕ್ಕಿರುವಂತೆ ಪಕ್ಷದ ವೆಚ್ಚಕ್ಕೂ ಮಿತಿ. ಪತ್ರಿಕೆ ಮತ್ತು ವಾಹಿನಿಗಳ ಅಂತಿಮ ಒಡೆಯರು ಯಾರೆಂದು ಓದುಗನಿಗೂ ನೋಡುಗನಿಗೂ ಕಾಣುವಂಥ ಪ್ರಕಟಣೆ. ಯಾವ ಮಾಧ್ಯಮಕ್ಕೆ ಸರ್ಕಾರದ ಜಾಹೀರಾತು ಎಷ್ಟು ಹೋಯಿತೆಂಬ ಸಾರ್ವಜನಿಕ ಲೆಕ್ಕ. ಅವಧಿ ಮುಗಿದ ಕೂಡಲೇ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ. ಇವುಗಳಲ್ಲಿ ಯಾವುದೂ ಸಂಪಾದಕನ ಲೇಖನಿಯನ್ನು ಮುಟ್ಟುವುದಿಲ್ಲ; ಆದ್ದರಿಂದ 1961ರಲ್ಲಿ ನ್ಯಾಯಾಲಯಕ್ಕೆ ಕಾಡಿದ ಆತಂಕ ಇಲ್ಲಿ ಅಡ್ಡಬರಬೇಕಾಗಿಲ್ಲ.

ಗೋವಿಂದರಾಜನಗರದ ಮತದಾರ ಇಂದು ತನ್ನ ಶಾಸಕರ ಸಾಲವನ್ನು ಕೂಡ ಕೋಟಿಯ ಲೆಕ್ಕದಲ್ಲಿ ಓದಬಲ್ಲ. ಆ ಲೆಕ್ಕವನ್ನು ತನಗೆ ಓದಿ ಹೇಳುವ ವಾಹಿನಿಯ ಸಾಲ ಯಾರ ಬಳಿಯಿದೆ ಎಂಬುದು ಮಾತ್ರ ಅವನಿಗೆ ಗೊತ್ತಿಲ್ಲ.